ಬಸವೇಶ್ವರಿ ಬರೆದ ಮನೆಯವರ ಪಟ್ಟಿ

ಮೊದಲೇ ಹೇಳಿಬಿಡುತ್ತೇನೆ, ನಾನು ಪುಕ್ಕಲಿ. ಬಸ್ಸು ಐದು ನಿಮಿಷ ತಡವಾದರೆ ಅಂಗೈ ಬೆವರುತ್ತದೆ. ಹೆಡ್‌ಮಾಸ್ತರರು "ಮೇಡಮ್, ಜರಾ ಬರ್ರಿ" ಎಂದರೆ ಮೂರು ವರ್ಷದಲ್ಲಿ ಮಾಡಿದ ತಪ್ಪುಗಳೆಲ್ಲ ಸಾಲುಗಟ್ಟಿ ನೆನಪಾಗುತ್ತವೆ. ಪುಕ್ಕಲುತನದ ಜೊತೆಗೆ ಮೂಗಿನ ತುದಿಯಲ್ಲಿ ಸಿಟ್ಟು ಬೇರೆ. ಹೆದರಿದಾಗ ಬೇರೆಯವರು ಸುಮ್ಮನಾಗುತ್ತಾರೆ, ನಾನು ಎದುರಿಗೆ ಸಿಕ್ಕವರ ಮೇಲೆ ಹರಿಹಾಯುತ್ತೇನೆ. ಹೋದ ನವೆಂಬರಿನಲ್ಲಿ ಇವೆರಡೂ ಸೇರಿ ನನ್ನ ಕೈಯಿಂದ ಏನೇನು ಮಾಡಿಸಿದವು ಎಂಬುದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ನಿಶಾತ. ತವರು ಆಳಂದ, ಮದುವೆಯಾಗಿ ಬಂದದ್ದು ಜೇವರ್ಗಿಗೆ. ಗಂಡ ಜಮೀರ ಬಸ್ ನಿಲ್ದಾಣದ ಹಿಂದೆ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ನಾನು ಕೊಳಕೂರ ದಾಟಿ ಸಿಗುವ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಅತಿಥಿ ಶಿಕ್ಷಕಿ. ಹಳ್ಳಿಯ ಹೆಸರು ಹೇಳುವುದಿಲ್ಲ. ಅತಿಥಿ ಎಂಬ ಮಾತು ಕೇಳುವುದಕ್ಕೆ ಚೆನ್ನಾಗಿದೆ. ಮಳೆಗಾಲಕ್ಕೆ ಕರೆಯುತ್ತಾರೆ, ಬೇಸಿಗೆಗೆ ಕಳಿಸುತ್ತಾರೆ. ಮುಂದಿನ ವರ್ಷ ಮತ್ತೆ ಕರೆಯುವುದು ಹೆಡ್‌ಮಾಸ್ತರರು ಮತ್ತು ಊರಿನ ಶಾಲಾ ಸಮಿತಿಯವರ ಮರ್ಜಿ. ಸಮಿತಿಯ ಅಧ್ಯಕ್ಷರು ಗುರಣ್ಣನವರು. ಅವರ ಹಿರಿಯ ಮಗಳು ಬಸವೇಶ್ವರಿ ನನ್ನ ಎಂಟನೇ ತರಗತಿಯಲ್ಲಿ ಮೊದಲ ಬೆಂಚಿನ ಹುಡುಗಿ.

ನವೆಂಬರಿನ ಎರಡನೇ ವಾರ ಹೆಡ್‌ಮಾಸ್ತರ ಶಾಂತಕುಮಾರ ಸರ್ ನನ್ನನ್ನು ಕರೆದರು. ಕಲಬುರಗಿಯಿಂದ ದೊಡ್ಡ ಸಾಹೇಬರೊಬ್ಬರು ಮುಂದಿನ ಶುಕ್ರವಾರ ಶಾಲೆ ನೋಡಲು ಬರುತ್ತಾರೆ ಎಂದರು.

"ಆ ಸಾಹೇಬ್ರಿಗೆ ಇಂಗ್ಲಿಷಿನ ಹುಚ್ಚು ಭಾಳರಿ ಮೇಡಮ್. ಅದರಾಗೂ ಕಾಮಾದ ಹುಚ್ಚು. ಮೊನ್ನಿ ಒಂದ್ ಸಾಲ್ಯಾಗ ಹುಡುಗರ ನೋಟ್‌ಬುಕ್ ತಗೊಂಡು, ಇಲ್ಲ್ಯಾಕ ಕಾಮಾ ಇಲ್ಲ, ಅಲ್ಲ್ಯಾಕ ಅದ ಅಂತ ಒಂದ್ ತಾಸು ನಿಂದ್ರಿಸ್ಯಾರಂತ. ಟೀಚರ್‌ನ್ನೂ ಕೂಡಿ."

ಟೀಚರನ್ನೂ ಕೂಡಿ ಎಂಬುದನ್ನು ಅವರು ನನ್ನ ಮುಖ ನೋಡಿಯೇ ಹೇಳಿದರು. 

ನಮ್ಮ ಮಕ್ಕಳಿಗೆ ಕಾಮಾ ಎಂದರೆ ಒಂದು ಅಲಂಕಾರ. ವಾಕ್ಯ ಬರೆದು ಮುಗಿಸಿ, ಆಮೇಲೆ ಹೋಳಿಗೆಯ ಮೇಲೆ ತುಪ್ಪ ಬಿಟ್ಟ ಹಾಗೆ ಅಲ್ಲಲ್ಲಿ ಹಾಕುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಕನ್ನಡದಲ್ಲಿ ನಾವು ಅವ್ವನೂ ಅಪ್ಪನೂ ಅಜ್ಜಿಯೂ ಎಂದು ಪೋಣಿಸಿಕೊಂಡು ಹೋಗುತ್ತೇವೆ, ಮಧ್ಯೆ ಗೆರೆ ಎಳೆಯುವ ಅಗತ್ಯವೇ ಬೀಳುವುದಿಲ್ಲ. ಹಾಗಾಗಿ ನಾನು ಬರೀ ಮೂರೇ ನಿಯಮ ಇಟ್ಟುಕೊಂಡೆ. ಮೂರು ಅಥವಾ ಹೆಚ್ಚು ವಸ್ತು ಸಾಲಾಗಿ ಬಂದರೆ ನಡುವೆ ಕಾಮಾ. ಎಸ್ ಅಥವಾ ನೋ ಎಂದು ಉತ್ತರ ಶುರುವಾದರೆ ಅದರ ಹಿಂದೆಯೇ ಕಾಮಾ. ಯಾರನ್ನಾದರೂ ಕರೆದು ಮಾತಾಡಿದರೆ ಕರೆದ ಹೆಸರಿನ ಪಕ್ಕಕ್ಕೆ ಕಾಮಾ. ಉಳಿದದ್ದೆಲ್ಲ ಸಾಹೇಬರು ಬಂದು ಹೋದ ಮೇಲೆ.

ಬೋರ್ಡಿನ ಮೇಲೆ ಬರೆದರೆ ತಲೆಗೆ ಹೋಗಲಿಲ್ಲ. ಮನೆಯಿಂದ ಒಂದೊಂದು ಮುಷ್ಟಿ ತೊಗರಿಕಾಳು ತರಿಸಿದೆ. ವರಾಂಡದ ಕಲ್ಲುಹಾಸಿನ ಮೇಲೆ ಸುಣ್ಣದ ಕಡ್ಡಿಯಿಂದ ದೊಡ್ಡದಾಗಿ ವಾಕ್ಯ ಬರೆದೆ: ಐ ಹ್ಯಾವ್ ಎ ಪೆನ್ ಎ ಬುಕ್ ಎ ಸ್ಕೇಲ್ ಅಂಡ್ ಎ ಬ್ಯಾಗ್. ಎಲ್ಲೆಲ್ಲಿ ಕಾಮಾ ಬೇಕೋ ಅಲ್ಲಲ್ಲಿ ಒಂದು ಕಾಳು ಇಡಬೇಕು. ಮೊದಲ ದಿನ ವರಾಂಡದ ತುಂಬ ಕಾಳು, ಶಾಲೆಯ ಅಂಗಳದ ಗುಬ್ಬಿಗಳಿಗೆ ಹಬ್ಬ. ಮೂರನೇ ದಿನದ ಹೊತ್ತಿಗೆ ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತು ಮಂದಿ ಸರಿಯಾಗಿ ಇಡತೊಡಗಿದರು. ಬಸವೇಶ್ವರಿ ಮೊದಲ ದಿನವೇ ಸರಿ ಇಟ್ಟಳು. ಇಟ್ಟವಳು ಪಕ್ಕದ ಮುಸ್ಕಾನಳ ಕಾಳನ್ನೂ ಯಾರಿಗೂ ಕಾಣದ ಹಾಗೆ ಬೆರಳಿನಿಂದ ಸರಿಸಿದಳು. ನನಗೆ ಕಂಡಿತು, ಕಾಣದ ಹಾಗೆ ಇದ್ದೆ.

ಸೋಮವಾರ ಮನೆಗೆಲಸ ಕೊಟ್ಟೆ. ನಿಮ್ಮ ಮನೆಯವರು ಯಾರ್ಯಾರೋ, ಬೇರೆ ಊರಿನಲ್ಲಿ ಇರುವವರನ್ನೂ ಸೇರಿಸಿ, ಎಲ್ಲರ ಹೆಸರನ್ನೂ ಒಂದೇ ವಾಕ್ಯದಲ್ಲಿ ಬರೆಯಬೇಕು, ಒಬ್ಬರನ್ನೂ ಬಿಡಬಾರದು. ಸಾಹೇಬರು ಕೇಳಿದರೆ ಯಾವ ಮಗುವಾದರೂ ತನ್ನ ಮನೆಯವರ ಹೆಸರನ್ನು ತಡವರಿಸದೆ ಬರೆಯುತ್ತದೆ, ಕಾಮಾಗಳೂ ಸರಿಯಾಗಿ ಬೀಳುತ್ತವೆ ಎಂಬುದು ನನ್ನ ಲೆಕ್ಕಾಚಾರ. ಇದಕ್ಕಿಂತ ಅಪಾಯವಿಲ್ಲದ ಅಭ್ಯಾಸ ಬೇರೆ ಇಲ್ಲ ಎಂದುಕೊಂಡಿದ್ದೆ.

ಮಂಗಳವಾರ ತರಗತಿಯಲ್ಲೇ ನೋಟ್‌ಬುಕ್ ತಿದ್ದಲು ಕೂತೆ. ಮುಸ್ಕಾನಳ ಮನೆಯಲ್ಲಿ ಹನ್ನೊಂದು ಜನ, ಹನ್ನೊಂದೂ ಹೆಸರು ಬಂದಿದ್ದವು, ಕಾಮಾ ಎಲ್ಲೂ ತಪ್ಪಿರಲಿಲ್ಲ. ನನಗೆ ಖುಷಿಯಾಯಿತು. ಅದರ ಕೆಳಗೆ ಬಸವೇಶ್ವರಿಯ ನೋಟ್‌ಬುಕ್ ಇತ್ತು. ಅಜ್ಜಿ ಗುರಮ್ಮ, ಕಾಮಾ. ಅಪ್ಪ ಗುರಣ್ಣ, ಕಾಮಾ. ಅವ್ವ ಮಾಣಿಕಮ್ಮ, ಕಾಮಾ. ಅದಾದ ಮೇಲೆ ಒಂದು ಹೆಸರು ಹಿಡಿಯುವಷ್ಟು ಖಾಲಿ ಜಾಗ, ಮತ್ತೆ ಒಂದು ಕಾಮಾ. ಕೊನೆಗೆ ತಂಗಿಯ ಹೆಸರು ಮತ್ತು ತನ್ನ ಹೆಸರು.

ಬೇರೆ ಯಾರಾದರೂ ಹೀಗೆ ಬರೆದಿದ್ದರೆ ತಿದ್ದಿ ಸುಮ್ಮನಾಗುತ್ತಿದ್ದೆ. ಇವಳು ನನ್ನ ತುರುಪಿನ ಎಲೆ. ಶುಕ್ರವಾರ ಸಾಹೇಬರ ಮುಂದೆ ಇವಳನ್ನೇ ಎಬ್ಬಿಸಬೇಕೆಂದಿದ್ದೆ. ನನ್ನ ಎದೆ ಧಸಕ್ಕೆಂದಿತು, ಎದೆ ಧಸಕ್ಕೆಂದರೆ ಏನಾಗುತ್ತದೆ ಎಂದು ಆಗಲೇ ಹೇಳಿದ್ದೇನೆ.

"ಏನ್ ಬೇ ಇದು? ಕಾಮಾ ಹಾಕಿ ಹೆಸರ ತಿಂದಿಯೇನು?"

ಅವಳು ಎದ್ದು ನಿಂತಳು. "ಅದು ಖಾಲಿನೇ ಇರ್ತದ್ರಿ ಟೀಚರ್."

"ಖಾಲಿ ಇದ್ರ ಕಾಮಾ ಯಾಕ ಹಾಕ್ದಿ?"

"ಮನಿಷಾ ಅದಾರಲ್ರಿ. ಹೆಸರ ಅಷ್ಟ ಬರಿಯಂಗಿಲ್ಲ."

ಹಿಂದಿನ ಬೆಂಚಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎನಿಸಿತು. ಜೋರಾಗಿ ಓದು ಎಂದೆ. ಅವಳು ಓದಿದಳು, ಅವ್ವನ ಹೆಸರು ಹೇಳಿ ನಿಂತಳು, ತಲೆ ಬಗ್ಗಿಸಿದಳು, ಒಂದು ಉಸಿರು ಬಿಟ್ಟು ತಂಗಿಯ ಹೆಸರಿಗೆ ಹೋದಳು. ಮುಖದಲ್ಲಿ ದುಃಖವಿರಲಿಲ್ಲ, ನಾಚಿಕೆ ಇತ್ತು. ತರಗತಿ ಗೊಳ್ಳೆಂದಿತು. ನಾನು ಕೆಂಪು ಪೆನ್ನಿನಿಂದ ಆ ಖಾಲಿ ಜಾಗದ ಸುತ್ತ ಹಾಳೆ ಹರಿಯುವ ಹಾಗೆ ಸುತ್ತು ಹಾಕಿ, ಸೊನ್ನೆ ಕೊಟ್ಟು, ಗಂಟೆ ಹೊಡೆಯುವವರೆಗೆ ನಿಲ್ಲಿಸಿದೆ.

ಗಂಟೆ ಹೊಡೆದ ಮೇಲೆ ಮುಸ್ಕಾನ ನನ್ನ ಹಿಂದೆಯೇ ಬಂದಳು.

"ಟೀಚರ್ರಿ, ಆಕಿದು ತಪ್ಪಿಲ್ಲರಿ. ಆ ಹೆಸರ ಹಿಡೀಬಾರದಂತ್ರಿ. ದೀಪಾವಳಿ ಪಾಡ್ಯಕ್ಕ ಆಕಿಗಿ ಉಡಿ ತುಂಬ್ಯಾರ್ರಿ. ಅವರ ಸೋದರಮಾವಗೇ ಕೊಡ್ತಾರಂತ."

ನನ್ನ ಅಮ್ಮೀ ಶಮ್ಸುನ್ನಿಸಾ ನಲವತ್ತು ವರ್ಷದ ಸಂಸಾರದಲ್ಲಿ ನನ್ನ ಅಬ್ಬಾನ ಹೆಸರನ್ನು ಒಂದು ಸಲವೂ ನಾಲಿಗೆಯ ಮೇಲೆ ತಂದವಳಲ್ಲ. ರೇಷನ್ ಕಾರ್ಡಿನವರು ಯಜಮಾನರ ಹೆಸರು ಕೇಳಿದರೆ ನನ್ನನ್ನು ಮುಂದೆ ತಳ್ಳಿ "ಬೋಲ್ ಗೇ" ಅನ್ನುತ್ತಿದ್ದಳು, ನಾನು ಶರಫುದ್ದೀನ ಎಂದು ಕೂಗುತ್ತಿದ್ದೆ. ನಾನು ಜಮೀರನನ್ನು ಹೆಸರು ಹಿಡಿದು ಕರೆದರೆ ಈಗಲೂ ಅತ್ತೆಯ ಮೈ ಉರಿಯುತ್ತದೆ. ಇಂಥ ಮನೆಗಳಲ್ಲಿ ಬೆಳೆದು, ಬಾಳಿ, ಆ ಖಾಲಿ ಜಾಗದ ಅರ್ಥ ಮೊದಲು ನನಗೇ ಆಗಬೇಕಿತ್ತು.

ಜುಲೈನಲ್ಲಿ ಅವಳು ಬರೆದ 'ನನ್ನ ಕುಟುಂಬ' ಪ್ರಬಂಧ ಅದೇ ನೋಟ್‌ಬುಕ್ಕಿನಲ್ಲಿತ್ತು. ಮೈ ಅಂಕಲ್ ಅಜಯಕುಮಾರ ಎಂದು ನಾಲ್ಕು ಸಲ ಬರೆದಿದ್ದಳು. ಅಂಕಲ್ ಅಜಯಕುಮಾರ ಪೆನ್ನು ತಂದುಕೊಟ್ಟ, ಅಂಕಲ್ ಅಜಯಕುಮಾರ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ಅಂಕಲ್ ಅಜಯಕುಮಾರ ಬಂದ ದಿನ ಮನೆಯಲ್ಲಿ ನಗು, ಗಲಾಟೆ. ನಾಲ್ಕು ತಿಂಗಳಲ್ಲಿ ಅಂಕಲ್ ಹೋಗಿ ಖಾಲಿ ಜಾಗ ಬಂದಿತ್ತು. ಹಾಜರಿ ಪುಸ್ತಕ ತೆಗೆದು ಅವಳ ಹುಟ್ಟಿದ ದಿನ ನೋಡಿದೆ. ಹದಿಮೂರು ವರ್ಷ, ಐದು ತಿಂಗಳು.

ಮಕ್ಕಳ ಸಹಾಯವಾಣಿಯ ನಾಲ್ಕು ಅಂಕಿ ನಮ್ಮ ಶಾಲೆಯ ಗೋಡೆಯ ಮೇಲೆ ಹಳದಿ ಬಣ್ಣದಲ್ಲಿದೆ. ನಾನು ಅದನ್ನು ನೋಡಿದೆ, ಆಮೇಲೆ ಹೆಡ್‌ಮಾಸ್ತರರ ಕೋಣೆಗೆ ಹೋದೆ. ಬೇರೆಯವರು ಹೇಳಲಿ ಎಂಬ ಆಸೆ.

ಶಾಂತಕುಮಾರ ಸರ್ ಕನ್ನಡಕ ತೆಗೆದು ಒರೆಸಿದರು. "ಉಡಿ ತುಂಬಿದ್ರ ಲಗ್ನ ಆದಂಗೇನ್ರಿ ಮೇಡಮ್? ನಮ್ಮ ಕಡಿ ತೊಟ್ಟಿಲದಾಗೇ ಮಾತಾಡಿ ಇಟ್ಟಿರ್ತಾರ. ಅಧ್ಯಕ್ಷರ ಮನಿ ವಿಷಯ ಅದು. ಶುಕ್ರವಾರ ಒಂದ್ ಮುಗೀಲಿ, ಆಮ್ಯಾಲ ನೋಡೂಣು."

"ಅಷ್ಟರಾಗ ಏನರ ಆದ್ರ ಸರ್?"

"ಮೂರ ದಿನದಾಗ ಏನಾಗ್ತದ್ರಿ?" ಎಂದರು.

ಅವರು ಕೆಟ್ಟವರಲ್ಲ, ನನ್ನ ಹಾಗೆಯೇ. ಆದರೂ ನನಗೆ ಅವರ ಮೇಲೆ ಸಿಟ್ಟು ಬಂತು. ಆ ಸಿಟ್ಟಿನ ಭರದಲ್ಲಿ ಬುಧವಾರ ಶಾಲೆ ಬಿಟ್ಟ ಮೇಲೆ ಸೀದಾ ಬಸವೇಶ್ವರಿಯ ಮನೆಗೆ ಹೋದೆ. ದೊಡ್ಡ ಧೈರ್ಯ ಮಾಡಿದೆ ಎಂದು ಆಗ ಅನಿಸಿತ್ತು. ಅದು ಧೈರ್ಯವಾಗಿರಲಿಲ್ಲ. ಫೋನ್ ಮಾಡುವುದನ್ನು ತಪ್ಪಿಸಿಕೊಳ್ಳುವ ದಾರಿ.

ಗುರಣ್ಣನವರು ಹೊಲಕ್ಕೆ ಹೋಗಿದ್ದರು. ಮಾಣಿಕಮ್ಮ ನನ್ನನ್ನು ಒಳಗೆ ಕರೆದು ಕೂಡಿಸಿ, ಬೇಡವೆಂದರೂ ಬಿಡದೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇಟ್ಟರು. ನಾನು ತಿನ್ನುತ್ತ ಮಾತು ಹುಡುಕಿದೆ. ಹುಡುಗಿ ಜಾಣೆ, ಚೆನ್ನಾಗಿ ಓದುತ್ತಾಳೆ, ಇನ್ನೂ ಸಣ್ಣವಳು ಎಂದೆ. ಸಣ್ಣವಳು ಎಂಬ ಮಾತಿಗೆ ಅವರು ನನ್ನ ಮುಖ ನೋಡಿದರು.

"ಹುಡುಗರು ಏನರ ಹೇಳ್ಯಾರೇನ್ರಿ ಟೀಚರ್?"

"ಇಲ್ರಿ, ಹಂಗೇ ಕೇಳಿದೆ."

"ಮಾತಾಗ್ಯದ ಖರೇ. ಲಗ್ನ ಹದಿನೆಂಟ ತುಂಬಿದ ಮ್ಯಾಲರಿ, ಕಾನೂನು ನಮಗ ಗೊತ್ತಿಲ್ಲೇನು?" ಎಂದರು ಮಾಣಿಕಮ್ಮ. ಆಮೇಲೆ ದನಿ ತಗ್ಗಿಸಿದರು. "ಅಂವ ನನ್ನ ತಮ್ಮಾರಿ. ನಮ್ಮವ್ವ ಸತ್ತಾಗ ಆರು ವರ್ಷದಾಂವ, ನಾನೇ ಉಣ್ಣಿಸಿ ಬೆಳಸೇನಿ. ಹೆಣ್ಣ ಹುಡುಗಿನ ಪರರ ಮನಿಗಿ ಕಳಸಬೇಕಂದ್ರ ನನಗ ಅಂಜಿಕಿ ಬರ್ತದ್ರಿ. ನನ್ನ ಅತ್ತಿ ಮನ್ಯಾಗ ಮೊದಲ ಹತ್ತು ವರ್ಷ ನಾ ಪಟ್ಟ ಪಾಡು ನನಗೇ ಗೊತ್ತು. ಅವನ ಕೈಯಾಗ ಮಗಳನ್ನ ಇಟ್ರ ನಾ ಆರಾಮ ನಿದ್ದಿ ಮಾಡ್ತೇನಿ."

ಅವರ ಕಣ್ಣು ತುಂಬಿದ್ದವು. ಹದಿನೆಂಟು ತುಂಬಿದ ಮೇಲೆ ಎಂದದ್ದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ನಂಬಬೇಕಿತ್ತು, ನಂಬಿದೆ. ಏಳುವಾಗ ಅವರು ಕೇಳಿದರು, "ಇದನ್ನ ಮತ್ತ ಯಾರಿಗರ ಹೇಳೀರೇನ್ರಿ ಟೀಚರ್?"

"ಇಲ್ರಿ," ಎಂದೆ.

ಬಸವೇಶ್ವರಿ ಬಾಗಿಲವರೆಗೆ ಬಂದಳು. ನಿನ್ನೆ ನಿಲ್ಲಿಸಿದ್ದಕ್ಕೆ ತಪ್ಪಾಯ್ತು ಎನ್ನಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಅವಳೇ ಕೇಳಿದಳು.

"ಟೀಚರ್ರಿ, ಲಗ್ನ ಆದವ್ರನ್ನ ಪರೀಕ್ಷಾಕ್ಕ ಕೂಡಿಸ್ತಾರೇನ್ರಿ?"

"ಅದೆಲ್ಲ ಈಗ್ಯಾಕ?" ಎಂದು ರೇಗಿ, ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ. ಬಸ್ಸಿನಲ್ಲಿ ಕೂತ ಮೇಲೆ ಆ ಪ್ರಶ್ನೆ ಮತ್ತೆ ನೆನಪಾಯಿತು. ಹದಿನೆಂಟಕ್ಕೆ ಮದುವೆಯಾಗುವ ಹುಡುಗಿ ಎಂಟನೇ ತರಗತಿಯ ಪರೀಕ್ಷೆಯ ಮಾತು ಏಕೆ ಕೇಳುತ್ತಾಳೆ?

ಸಂಜೆ ಜಮೀರನಿಗೆ ಎಲ್ಲ ಹೇಳಿದೆ. ಅವನು ಕೈಗೆ ಹತ್ತಿದ ವಾರ್ನಿಶ್ ಉಜ್ಜಿ ತೊಳೆಯುತ್ತ ಕೇಳಿದ. "ತೂ ಕ್ಯಾಕು ಬೀಚ್ ಮೇ ಪಡ್ತಿ?" ನೀನೇಕೆ ನಡುವೆ ಬೀಳುತ್ತೀಯ ಎಂದು. ನಾಳೆ ಅವರ ಮನೆಗೆ ಅಧಿಕಾರಿಗಳು ಬಂದರೆ ಯಾರು ಹೇಳಿದರು ಎಂದು ಹುಡುಕುತ್ತಾರೆ, ನೀನು ಅವರ ಮನೆಗೆ ಹೋಗಿ ರೊಟ್ಟಿ ತಿಂದು ಬಂದದ್ದು ಇಡೀ ಓಣಿ ನೋಡಿದೆ, ಅವರ ಮದುವೆ ನಿಲ್ಲಿಸಿದವಳು ನಮ್ಮವಳು ಎಂದಾದರೆ ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನಿನಗೆ ಗೊತ್ತಿಲ್ಲವೇ ಎಂದ. ಗೊತ್ತಿತ್ತು. ಅವನು ಹೇಳಿದ ಒಂದೊಂದು ಮಾತನ್ನೂ ನಾನು ಬಸ್ಸಿನಲ್ಲಿ ಆಗಲೇ ನನಗೆ ಹೇಳಿಕೊಂಡಿದ್ದೆ. ಅದಕ್ಕೇ ಅವನ ಜೊತೆ ಜೋರಾಗಿ ಜಗಳವಾಡಿದೆ. ಆಮೇಲೆ ಫೋನಿನಲ್ಲಿ ನಾಲ್ಕು ಅಂಕಿ ಒತ್ತಿದೆ, ಹಸಿರು ಗುಂಡಿಯ ಹತ್ತಿರ ಬೆರಳು ಒಯ್ದು, ಅಳಿಸಿ, ರೊಟ್ಟಿ ಬಡಿಯಲು ಹೋದೆ.

ಗುರುವಾರ ಬಸವೇಶ್ವರಿ ಶಾಲೆಗೆ ಬಂದಿದ್ದಳು. ಯಾವತ್ತಿನಂತೆ ಕೂತಿದ್ದಳು, ಯಾವತ್ತಿನಂತೆ ಬರೆದಳು. ಅವಳು ಕಣ್ಣಿಗೆ ಕಾಣುತ್ತಿದ್ದಷ್ಟು ಹೊತ್ತು ನನಗೆ ಸಮಾಧಾನ. ನಾನು ಸುಮ್ಮನೆ ಇಲ್ಲದ್ದನ್ನೆಲ್ಲ ತಲೆಗೆ ಹಚ್ಚಿಕೊಂಡೆ ಎಂದು ನಕ್ಕುಬಿಟ್ಟೆ.

ಶುಕ್ರವಾರ ಸಾಹೇಬರು ಬಂದರು, ಬಸವೇಶ್ವರಿ ಬರಲಿಲ್ಲ.

ಮೊದಲ ಬೆಂಚು ಒಂದು ಕಡೆ ಖಾಲಿ ಇತ್ತು. ಸಾಹೇಬರ ಜೀಪು ಅಂಗಳದಲ್ಲಿ ನಿಲ್ಲುವ ಹೊತ್ತಿಗೆ ನಾನು ಮುಸ್ಕಾನಳ ಕಡೆ ಬಗ್ಗಿ ಎಲ್ಲಿ ಅವಳು ಎಂದು ಕೇಳಿದೆ.

"ಅಫಜಲಪುರ ಕಡಿ ಅವರ ಮನಿದೇವರ ಗುಡಿಗಿ ಹೋಗ್ಯಾರ್ರಿ. ಆಯ್ತಾರ ಲಗ್ನದ ಅಕ್ಕಿಕಾಳ ಬೀಳ್ತಾವಂತ."

"ಈ ಆಯ್ತಾರ?"

"ಹೌದ್ರಿ. ಸಂಕ್ರಮಣ ಆದ ಮ್ಯಾಲ ಇತ್ತಂತ್ರಿ. ನೀವು ಮನಿಗಿ ಬಂದು ಹೋದ್ರಲ್ರಿ, ಅದಕ್ಕ ಲಗೂ ಮಾಡಾಕತ್ತಾರಂತ."

ಸಂಕ್ರಮಣದವರೆಗೆ ಎರಡು ತಿಂಗಳಿತ್ತು. ಆ ಎರಡು ತಿಂಗಳನ್ನು ಒಂದು ರೊಟ್ಟಿ ತಿನ್ನುವಷ್ಟರಲ್ಲಿ ನಾನು ಎರಡು ದಿನಕ್ಕೆ ಇಳಿಸಿ ಬಂದಿದ್ದೆ. ಅಷ್ಟರಲ್ಲಿ ಸಾಹೇಬರು ಒಳಗೆ ಬಂದರು, ಮಕ್ಕಳು ಎದ್ದು ನಿಂತು ಗುಡ್ ಮಾರ್ನಿಂಗ್ ಹಾಡಿದರು.

ಆ ಒಂದು ತಾಸು ಹೇಗೆ ಕಳೆಯಿತು ಎಂದು ನನ್ನನ್ನು ಕೇಳಬೇಡಿ. ಸಾಹೇಬರು ಬೋರ್ಡಿನ ಮೇಲೆ ಕಾಮಾ ಇಲ್ಲದ ವಾಕ್ಯಗಳನ್ನು ಬರೆದರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಹಾಕಿದರು. ಎಸ್ ಆದ ಮೇಲೆ ಹಾಕಿದರು, ಕರೆದ ಹೆಸರಿನ ಪಕ್ಕ ಹಾಕಿದರು, ಸಾಲಿನ ನಡುವೆ ಹಾಕಿದರು. ಒಂದೂ ತಪ್ಪಲಿಲ್ಲ. ಸಾಹೇಬರು ವೆರಿ ಗುಡ್ ಎಂದು ಮೂರು ಸಲ ಹೇಳಿದರು. ಶಾಂತಕುಮಾರ ಸರ್ ಮುಖ ಅರಳಿತು. ಹಾಜರಿ ಪುಸ್ತಕ ನೋಡಿ ಸಾಹೇಬರು ಕೇಳಿದರು, "ಒಬ್ಬಳು ಗೈರುಹಾಜರು. ಯಾಕೆ?"

ಬಾಯಿ ತೆರೆದೆ. ಹೆಡ್‌ಮಾಸ್ತರರು ನನ್ನನ್ನೇ ನೋಡುತ್ತಿದ್ದರು.

"ಊರಿಗೆ ಹೋಗಿದ್ದಾಳೆ ಸರ್," ಎಂದೆ.

ಸಾಹೇಬರು ಸಹಿ ಹಾಕಿದರು. ಇಷ್ಟು ದಿನ ಯಾವುದಕ್ಕೆ ಹೆದರಿ ಸತ್ತಿದ್ದೆನೋ ಅದು ಹೂವಿನಂತೆ ಮುಗಿದಿತ್ತು. ಜೀಪು ಹೋದ ಮೇಲೆ ನಾನು ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಶನಿವಾರ ಬೆಳಗಿನ ಶಾಲೆ. ಮುಗಿಸಿ ಹನ್ನೆರಡರ ಹೊತ್ತಿಗೆ ಜೇವರ್ಗಿ ನಿಲ್ದಾಣದಲ್ಲಿ ಇಳಿದೆ. ಇವತ್ತು ಫೋನ್ ಮಾಡಲೇಬೇಕು, ಮನೆಗೆ ಹೋಗಿ ಮಾಡುತ್ತೇನೆ, ಊಟ ಮಾಡಿ ಮಾಡುತ್ತೇನೆ ಎಂದು ಲೆಕ್ಕ ಹಾಕುತ್ತಿದ್ದವಳನ್ನು ಯಾರೋ ಕರೆದರು.

"ಮೇಡಮ್‌ರಿ."

ಅಜಯಕುಮಾರ. ಪಾಲಕರ ಸಭೆಗೆ ಒಮ್ಮೆ ಗುರಣ್ಣನವರ ಬದಲು ಇವನೇ ಬಂದಿದ್ದ, ಹಾಗಾಗಿ ಗುರುತು ಹತ್ತಿತು. ಇಪ್ಪತ್ತಾರರ ಆಸುಪಾಸು, ಗಡ್ಡ ಬೋಳಿಸಿರಲಿಲ್ಲ, ಕಣ್ಣು ಕೆಂಪಾಗಿದ್ದವು. ಜಗಳಕ್ಕೆ ಬಂದಿದ್ದಾನೆ, ನಮ್ಮ ಮನೆಯ ವಿಷಯ ನಿನಗೇಕೆ ಎಂದು ನಿಲ್ದಾಣದ ತುಂಬ ಕೂಗುತ್ತಾನೆ ಎಂದುಕೊಂಡೆ.

"ಎರಡ ತಾಸಿಂದ ನಿಮ್ಮ ದಾರಿ ನೋಡಾಕತ್ತೇನ್ರಿ. ಹೊಸ ಅಂಗಿ ತರ್ತೇನಿ ಅಂತ ಸುಳ್ಳ ಹೇಳಿ ಬಂದೇನಿ. ನೀವು ಮನಿಗಿ ಹೋಗಿದ್ರಂತ ಅಕ್ಕ ಫೋನಿನ್ಯಾಗ ಹೇಳಿದ್ಲು."

"ಹೋಗಿದ್ದೆ. ಅದಕ್ಕ ಏನೀಗ?" ಎಂದೆ, ಸಿಡುಕಿನಿಂದ.

"ಫೋನ್ ಹಚ್ರಿ ಮೇಡಮ್. ಗೌರ್ಮೆಂಟಿನವ್ರಿಗಿ ಹೇಳಿ ಇದನ್ನ ನಿಂದ್ರಿಸ್ರಿ. ನಿಮಗ ಕೈ ಮುಗೀತೇನಿ."

ಒಂದು ಕ್ಷಣ ನಾನು ಕೇಳಿಸಿಕೊಂಡದ್ದೇ ಸುಳ್ಳೆನಿಸಿತು. ಆಮೇಲೆ ನನಗೆ ಮೈಯೆಲ್ಲ ಉರಿ ಹತ್ತಿತು. ಮದುಮಗ ಇವನು, ಕೈ ಮುಗಿಯುತ್ತಿರುವುದು ನನಗೆ! "ನಿಮ್ಮ ಲಗ್ನ, ನೀವೇ ಒಲ್ಲೆ ಅಂದ್ರ ಮುಗೀತಲ್ರಿ! ನನಗ್ಯಾಕ ಹೇಳಾಕತ್ತೀರಿ? ಬಾಯಿಲ್ಲೇನು ನಿಮಗ?"

ಅಕ್ಕಪಕ್ಕದವರು ತಿರುಗಿ ನೋಡಿದರು. ಅವನು ಕಬ್ಬಿನಹಾಲಿನ ಗಾಡಿಯ ಹಿಂದಿನ ಗೋಡೆಯ ಕಡೆ ಸರಿದ. ನಾನೂ ಹೋದೆ. ಪರಗಂಡಸಿನ ಜೊತೆ ಗೋಡೆಯ ಮರೆಯಲ್ಲಿ ನಿಂತದ್ದನ್ನು ಯಾರಾದರೂ ಜಮೀರನಿಗೆ ಹೇಳುತ್ತಾರೆ ಎಂಬ ಹೆದರಿಕೆ ಬೇರೆ ಸೇರಿಕೊಂಡಿತು.

"ಅಂದೇನ್ರಿ," ಎಂದ ಅವನು. "ಒಲ್ಲೆ ಅಂದೆ. ಅಕ್ಕ ಎರಡ ದಿನ ಊಟ ಬಿಟ್ಲು. ನಾ ಬ್ಯಾಡ ಅಂದ್ರ ಯಡ್ರಾಮಿ ಕಡಿ ಒಬ್ಬಾಂವ ಅದಾನ್ರಿ, ಹೇಣ್ತಿ ಸತ್ತಾಳ, ಹೊಲ ಭಾಳ ಅದ. ನಮ್ಮ ಮಾಮಾ, ಆಕಿ ಅಪ್ಪ, ಅವನ ಮನಿಯವ್ರ ಜೋಡಿ ಮಾತು ನಡಿಸ್ಯಾನ. ಆಕಿನ ಅವಗ ಕೊಡ್ತಾರ. ಅದನ್ನ ತಪ್ಪಿಸಾಕ ಅಂತ ಅಕ್ಕ ನನ್ನ ಬೆನ್ನ ಬಿದ್ದಾಳ್ರಿ. ನಾ ಒಲ್ಲೆ ಅಂದ್ರ ಹುಡುಗಿಗಿ ಅವ, ಹೂಂ ಅಂದ್ರ ನಾ. ಎರಡೂ ಆಗಬಾರದಂದ್ರ ಹೊರಗಿನವ್ರು ಬಂದು, ಹದಿನೆಂಟರ ತನಕ ಲಗ್ನ ಮಾಡಂಗಿಲ್ಲಂತ ಬರಿಸ್ಕೋಬೇಕ್ರಿ. ಕಾನೂನಿನವ್ರು ಬಂದು ಬರಿಸ್ಕೊಂಡ್ರ ಮಾಮಾ ಅಂಜ್ತಾನ."

"ಹಂಗಾದ್ರ ನೀವೇ ಫೋನ್ ಹಚ್ಚಬೇಕಿತ್ತು."

"ಹಚ್ಚಿದ್ದೆರಿ. ಆ ಕಡಿಯಿಂದ ಹಲೋ ಅಂದ್ಕೂಡಲೇ ಕಟ್ ಮಾಡಿದೆ." ಅವನು ಮುಖ ಒರೆಸಿಕೊಂಡ. "ಆಕಿ ಹುಟ್ಟಿದಾಗ ನಾ ಹದಿಮೂರು ವರ್ಷದಾಂವ್ರಿ. ಹೆಗಲ ಮ್ಯಾಲ ಹೊತ್ಗೊಂಡ ಊರೆಲ್ಲ ತಿರಿಗೇನಿ. ಈಗ ನನ್ನ ಕಂಡ್ರ ಬಾಗಿಲ ಹಿಂದ ನಿಂದರ್ತಾಳ. ಮಾಮಾ ಅಂತ ಕರಿಯೂದೂ ಬಿಟ್ಟಾಳ."

ಹಲೋ ಎಂದ ಕೂಡಲೇ ಕಟ್ ಮಾಡಿದವನಿಗೂ ಹಸಿರು ಗುಂಡಿ ಒತ್ತದೆ ರೊಟ್ಟಿ ಬಡಿಯಲು ಹೋದವಳಿಗೂ ಏನು ವ್ಯತ್ಯಾಸ? ಅವನಾದರೂ ಎಪ್ಪತ್ತು ಕಿಲೋಮೀಟರ್ ಬಂದು ನನ್ನನ್ನು ಹುಡುಕಿದ್ದ.

ನಾನು ಚೀಲದಿಂದ ಫೋನ್ ತೆಗೆದೆ. ಮನಸ್ಸು ಬದಲಾಗುವ ಮೊದಲೇ ಬೇಗ ಒತ್ತಿಬಿಟ್ಟೆ. ಎರಡು ಸಲ ಗಂಟೆ ಬಾರಿಸಿತು. ಒಬ್ಬ ಹೆಣ್ಣುಮಗಳ ದನಿ, ನಮಸ್ಕಾರ ಹೇಳಿ ಎಂದಿತು. ನಾನು ಒಂದೇ ಉಸಿರಿನಲ್ಲಿ ಹೇಳಿದೆ. ನಾಳೆ ಬೆಳಿಗ್ಗೆ ಒಂದು ಮದುವೆ ಇದೆ, ಹುಡುಗಿಗೆ ಹದಿಮೂರು, ನನ್ನ ವಿದ್ಯಾರ್ಥಿನಿ. ಆಕೆ ನಿಧಾನವಾಗಿ ಬರೆದುಕೊಳ್ಳುವುದು ಕೇಳಿಸುತ್ತಿತ್ತು.

"ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ ಮೇಡಮ್. ಗುಟ್ಟಾಗಿಡುತ್ತೇವೆ."

ಬೇಡ ಎನ್ನಬಹುದಿತ್ತು. ಬೇಡ ಎನ್ನಬೇಕೆಂದೇ ಇದ್ದೆ. "ನಿಶಾತ," ಎಂದೆ. "ಆಕಿಯ ಇಂಗ್ಲಿಷ್ ಟೀಚರ್." ಹೇಳಿದ ಮೇಲೆ ಗಾಬರಿಯಾಯಿತು, ಆದರೆ ಹೇಳಿಯಾಗಿತ್ತು.

ಹುಡುಗಿಯ ಹೆಸರು, ತಂದೆಯ ಹೆಸರು, ಶಾಲೆಯ ದಾಖಲೆಯಲ್ಲಿರುವ ಹುಟ್ಟಿದ ದಿನ ಎಲ್ಲ ಕೊಟ್ಟೆ. ಮದುವೆ ಎಲ್ಲಿ ಎಂದು ಕೇಳಿದಳು. ನನಗೆ ಗೊತ್ತಿದ್ದದ್ದು ಅಫಜಲಪುರ ಕಡೆ ಎಂಬುದಷ್ಟೇ. ಅಜಯಕುಮಾರ ಮೆಲ್ಲಗೆ ಹಳ್ಳಿಯ ಹೆಸರು, ಗುಡಿಯ ಹೆಸರು ಹೇಳಿಕೊಟ್ಟ, ನಾನು ಅದನ್ನೇ ಫೋನಿಗೆ ಹೇಳಿದೆ.

"ಗಂಡಿನ ಕಡೆಯವರು ಯಾರು? ಹುಡುಗ ಈಗ ಎಲ್ಲಿದ್ದಾನೆ, ನಿಮಗೆ ಗೊತ್ತೇ?"

ಅವನ ಕಡೆ ನೋಡಿದೆ. ಅವನು ಬಸ್ಸುಗಳ ಕಡೆ ನೋಡುತ್ತಿದ್ದ. ಈಗ ಓಡುತ್ತಾನೆ ಎಂದುಕೊಂಡೆ, ನಿಜ ಹೇಳುತ್ತೇನೆ. ಅವನು ಕೈ ಚಾಚಿ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಕಿವಿಗೆ ಇಟ್ಟ.

"ಹುಡುಗ ನಾನೇರಿ," ಎಂದ. "ಹೌದ್ರಿ, ಲಗ್ನದ ಹುಡುಗ. ವಯಸ್ಸ ಇಪ್ಪತ್ತಾರು. ಇಲ್ರಿ, ಚ್ಯಾಷ್ಟಿ ಮಾಡಾಕತ್ತಿಲ್ಲ."

ಆ ಕಡೆಯಿಂದ ಆಕೆ ಏನೋ ಕೇಳಿದಳು.

"ಜೇಲ್ ಆಗ್ತದಂತ ಗೊತ್ತದ್ರಿ. ಹಂಗಂತ ನಾ ಎಲ್ಲೂ ಓಡಿ ಹೋಗಂಗಿಲ್ಲ. ನಾ ಹೋದ್ರ ನನ್ನ ಜಾಗಾದಾಗ ಇನ್ನೊಬ್ಬಾಂವನ್ನ ತಂದು ಕೂಡಿಸ್ತಾರ. ನಾಳಿ ಎಂಟಕ್ಕ ಅರಿಶಿಣ ಹಚ್ತಾರ್ರಿ. ನಾ ಸುಮ್ಮ ಹಚ್ಚಿಸ್ಕೊಂಡು ಕುಂತಿರ್ತೇನಿ. ನೀವು ಲಗೂ ಬರ್ರಿ, ಬಂದು ಎಲ್ಲಾರ ಮುಂದ ನನ್ನ ಹಿಡೀರಿ."